ಲೀಜನೆಲ್ಲಾ

1976ರ ಜುಲೈನಲ್ಲಿ ಅಮೆರಿಕದ ಮಾಜಿ ಸೈನಿಕರ ಸಂಘ ‘ಅಮೆರಿಕನ್ ಲೀಜನ್’ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸಮಾವೇಶ ನಡೆಸಿತು. ಊರಿಗೆ ಮರಳಿದವರು ಜ್ವರ, ಕೆಮ್ಮು ಎಂದು ಹಾಸಿಗೆ ಹಿಡಿದರು. ಹೋಟೆಲಿನ ಮುಂದೆ ಬರೀ ಹಾದುಹೋದವರನ್ನೂ ರೋಗ ಬಿಡಲಿಲ್ಲ. ಒಟ್ಟು 34 ಮಂದಿ ತೀರಿಕೊಂಡರು. ಕಾರಣವಾದ ಬ್ಯಾಕ್ಟೀರಿಯಾವನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಜೋಸೆಫ್ ಮೆಕ್‌ಡೇಡ್ ಪತ್ತೆ ಹಚ್ಚಿದ ಸುದ್ದಿ 1977ರ ಜನವರಿಯಲ್ಲಿ ಹೊರಬಿತ್ತು.

ಅದಕ್ಕಿಟ್ಟ ಹೆಸರು ಲೀಜನೆಲ್ಲಾ ನ್ಯುಮೋಫಿಲಾ. ‘ಲೀಜನ್’ ಪದದ ಬೇರು ರೋಮನ್ ಸೇನೆಯ ಪಡೆಯನ್ನು ಸೂಚಿಸುವ ಲ್ಯಾಟಿನ್ನಿನ ‘ಲೆಗಿಯೊ’. ಅದರ ಹಿಂದಿರುವ ಧಾತುವಿಗೆ ಆರಿಸು, ಕೂಡಿಸು ಎಂಬ ಅರ್ಥ. ‘ಎಲ್ಲಾ’ ಎಂಬುದು ಲ್ಯಾಟಿನ್ನಿನಲ್ಲಿ ಕಿರಿದನ್ನು ಸೂಚಿಸುವ ಪ್ರತ್ಯಯ. ಸಾಲ್ಮೊನೆಲ್ಲಾ, ಬ್ರೂಸೆಲ್ಲಾಗಳಲ್ಲಿರುವುದೂ ಅದೇ. ಅವು ವಿಜ್ಞಾನಿಗಳ ಹೆಸರು ಹೊತ್ತಿದ್ದರೆ, ಇದು ಸತ್ತವರ ಬಳಗದ ಹೆಸರು ಹೊತ್ತಿದೆ. ನನಗೆ ಇದು ನೋವಿನ ಸಂಗತಿ.

‘ನ್ಯುಮೋಫಿಲಾ’ ಗ್ರೀಕ್ ಮೂಲದ್ದು, ಶ್ವಾಸಕೋಶಪ್ರಿಯ ಎಂದರ್ಥ. ಆದರೆ ಇದರ ತವರು ನೀರು. ಅಲ್ಲಿ ಅಮೀಬಾ ಇದನ್ನು ನುಂಗುತ್ತದೆ. ಇದು ಜೀರ್ಣವಾಗದೆ ಅದರೊಳಗೇ ಬೆಳೆದು, ಅಮೀಬಾವನ್ನೇ ಒಡೆದು ಹೊರಬರುತ್ತದೆ. ನಮ್ಮ ಶ್ವಾಸಕೋಶದ ರಕ್ಷಕ ಕೋಶಗಳಿಗೂ ಅದೇ ಗತಿ. ಹರಡುವುದು ಕೂಲಿಂಗ್ ಟವರ್, ಶವರ್, ಕಾರಂಜಿಗಳ ನುಣ್ಣನೆಯ ತುಂತುರನ್ನು ಉಸಿರಾಡುವುದರಿಂದ. ಒಬ್ಬರಿಂದ ಒಬ್ಬರಿಗೆ ಸಾಮಾನ್ಯವಾಗಿ ಅಂಟುವುದಿಲ್ಲ.

ಇದೇ ಬ್ಯಾಕ್ಟೀರಿಯಾ ನ್ಯುಮೋನಿಯಾ ತಂದರೆ ಅದು ‘ಲೀಜನೇರ್ಸ್ ಕಾಯಿಲೆ’. ಬರೀ ಜ್ವರ, ಮೈಕೈ ನೋವಿನಲ್ಲಿ ಮುಗಿದರೆ ‘ಪಾಂಟಿಯಾಕ್ ಜ್ವರ’. ಮಿಷಿಗನ್‌ನ ಪಾಂಟಿಯಾಕ್ ಊರಿನಲ್ಲಿ 1968ರಲ್ಲೇ ಆ ಜ್ವರ ಕಾಣಿಸಿಕೊಂಡಿತ್ತು. ಆಗ ಕಾದಿಟ್ಟ ರಕ್ತದ ಮಾದರಿಗಳ ಪರೀಕ್ಷೆಯಿಂದಲೇ ಅದರ ಕಾರಣವೂ ಲೀಜನೆಲ್ಲಾ ಎಂದು ಖಚಿತವಾಯಿತು.