ಆಯಿ ಕಟ್ಟುತ್ತಿದ್ದ ಜೇನಿನ ಪಟ್ಟಿ

ಅಕ್ಕಗೋಳೆ, ಕುಂಚಾವರಂ ಅಡವಿ ಜೇನು ನಮ್ಮ ಮನ್ಯಾಗ ತಿನ್ನಾಕ್ಕಿಂತ ಮದ್ದಿಗೇ ಜಾಸ್ತಿ ಖರ್ಚಾಗ್ತಿತ್ತು. ಒಲಿ ಮುಂದ ಕೈ ಸುಟ್ಕೊಂಡ್ರ ಆಯಿ ಹಳೀ ಧೋತರದ ಅರಿಬಿಗಿ ಜೇನು ಸವರಿ ಕಟ್ತಿದ್ದಳು. "ಬಿಚ್ಚಿಡ್ರಿ, ಗಾಳಿಗಿ ಒಣಗ್ಲಿ" ಅಂತ ಅಪ್ಪನ ಜಗಳ.

ಈ ಪದ್ಧತಿ ಬಾಳ ಹಳೇದು. ಸುಶ್ರುತ ಸಂಹಿತೆಯಲ್ಲಿ ಗಾಯಕ್ಕೆ ಜೇನು, ತುಪ್ಪ ಹಚ್ಚುವ ಮಾತಿದೆ. ಈಜಿಪ್ಟಿನ ಸುಮಾರು 3,600 ವರ್ಷದ ಹಿಂದಿನ ವೈದ್ಯ ಬರಹದಲ್ಲೂ ಜೇನಿದೆ. ಅಪ್ಪನ ಜಗಳಕ್ಕೆ ಉತ್ತರ ಸಿಕ್ಕಿದ್ದು 1962ರಲ್ಲಿ. ಇಂಗ್ಲೆಂಡಿನ ಜಾರ್ಜ್ ವಿಂಟರ್ ಹಂದಿ ಮೈಮ್ಯಾಲಿನ ಸಣ್ಣ ಗಾಯ ಪ್ಲಾಸ್ಟಿಕ್ ಹಾಳಿಯಿಂದ ಮುಚ್ಚಿ ನೋಡಿದ. ಬಿಚ್ಚಿಟ್ಟ ಗಾಯಕ್ಕಿಂತ, ಪಸಿ ಉಳಿದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬಂತು.

ಆಮ್ಯಾಲ ನಮ್ಮ ಮಗ್ಗುಲಿನ ಸೊಲ್ಲಾಪುರದಾಗೇ ಡಾಕ್ಟರ್ ಎಂ. ಸುಬ್ರಹ್ಮಣ್ಯಂ ಜೇನನ್ನು ಪರೀಕ್ಷೆಗೆ ಹಚ್ಚಿದರು. 1991ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಸುಟ್ಟ ಗಾಯದ 104 ಮಂದಿ ಇದ್ದರು. ಅರ್ಧ ಮಂದಿಗೆ ಜೇನು, ಅರ್ಧ ಮಂದಿಗೆ ಬೆಳ್ಳಿ ಮುಲಾಮು. ಜೇನಿನವರದೇ ಬೇಗ ಮಾಯ್ತು. ಮುಂದ ಕೂಸಿನ ಸುತ್ತಲಿನ ನೀರಿನ ಚೀಲದ ಪೊರೆ, ಕುದಿಸಿದ ಆಲೂಗಡ್ಡಿ ಸಿಪ್ಪಿ ಜೋಡಿನೂ ಹೋಲಿಸಿ ನೋಡಿದರು.

ಇದನ್ನೆಲ್ಲ ಯಾಕ ಬರದೆ ಅಂದ್ರ, ನಮ್ಮ ಚಿಕ್ಕಮ್ಮನ ಸಲುವಾಗಿ. ಆಕಿಗಿ ಸಕ್ಕರಿ ಬ್ಯಾನಿ. ಚಪ್ಪಲಿ ಕಡದು ಕಾಲಿಗಿ ಹುಣ್ಣಾಯ್ತು, ನೋವೇ ಇಲ್ಲ. ಆಯಿ ಮದ್ದೇ ಅಲ್ಲೇನು ಅಂತ ನಾವೇ ಒಂದು ತಿಂಗಳು ಜೇನು ಕಟ್ಟಿದೆವು. ಕಡಿಗಿ ಎರಡು ಬೆರಳು ತೆಗೀಬೇಕಾಯ್ತು. ಜೇನು ಸುಳ್ಳಲ್ಲ. ಆದರೆ ಸುಟ್ಟ ಗಾಯ ಬೇರೆ, ರಕ್ತ ಸರಿಯಾಗಿ ಹರಿಯದ, ನರ ಸತ್ತ ಕಾಲಿನ ಹುಣ್ಣು ಬೇರೆ. ಅದರ ಬೇರು ಒಳಗದ. ದವಾಖಾನಿ ಜೇನನ್ನೂ ಕಿರಣ ಹಾಯಿಸಿ ಶುದ್ಧ ಮಾಡಿರ್ತಾರ, ಅಡವಿ ಜೇನು ಹಾಂಗಲ್ಲ.

ಬೆರಳು ತೆಗೆದ ಮ್ಯಾಲ ಡಾಕ್ಟರು ಕಾಗದದಂಥ ಕೊಲಾಜನ್ ಹಾಳಿ ಇಟ್ಟರು. ಅದನ್ನು ದನದ್ದೋ ಮೀನಿಂದೋ ಚರ್ಮದಿಂದ ತೆಗೀತಾರಂತ. ಅವರೆ ಬಳ್ಳಿಗಿ ಹಂದರ ಇದ್ದಂಗ, ಹೊಸ ಮಾಂಸಕ್ಕ ಅದು ಹಂದರ. ಸಕ್ಕರಿ ಹಿಡಿತಕ್ಕ ಬಂತು, ಗಾಯ ನಿಧಾನಕ್ಕ ತುಂಬಿತು.

ಈಗ ಚಿಕ್ಕಮ್ಮ ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡ್ಕೋತಾಳ. ನೀವೂ ನೋಡ್ಕೋರಿ. ಸಣ್ಣ ಹುಣ್ಣು ಕಂಡ್ರೂ ಜೇನಿನ ಬಾಟ್ಲಿ ಹುಡುಕಬ್ಯಾಡ್ರಿ, ಅವತ್ತೇ ದವಾಖಾನಿಗಿ ಹೋಗ್ರಿ.