ಸಮುದ್ರವನ್ನೇ ಕಾವಲಿಗೆ ನಂಬಿದವರು

ಸುತ್ತ ನೀರು ಇರುವ ದ್ವೀಪದಿಂದ ಕೈದಿ ಎಲ್ಲಿಗೆ ಓಡಿಯಾನು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅಂಡಮಾನಿನಲ್ಲಿ ಕೈದಿಗಳ ವಸಾಹತು ಕಟ್ಟಿದ ಬ್ರಿಟಿಷರ ಲೆಕ್ಕವೂ ಇದೇ.

1858ರ ಮಾರ್ಚ್ 10ರಂದು ಮೊದಲ 200 ಕೈದಿಗಳು ಅಲ್ಲಿ ಬಂದಿಳಿದರು. ಬೇಡಿ ತೊಟ್ಟು ಕಾಡು ಕಡಿಯಬೇಕು, ಜ್ವರ ಬೇರೆ. ಕೆಲವೇ ವಾರಗಳಲ್ಲಿ ಹಲವರು ಓಡಿದರು. ಕಾಡಿನಲ್ಲಿ ಊಟವಿರಲಿಲ್ಲ, ತಮ್ಮ ನೆಲಕ್ಕೆ ಬಂದವರ ಮೇಲೆ ಮೂಲನಿವಾಸಿಗಳು ಬಾಣ ಬಿಟ್ಟರು. ಮರಳಿ ಸಿಕ್ಕವರಲ್ಲಿ 86 ಮಂದಿಯನ್ನು ಅಧಿಕಾರಿ ವಾಕರ್ ಒಂದೇ ದಿನ ಗಲ್ಲಿಗೇರಿಸಿದ.

ಹಾಗಾದರೆ ಆಳುವವರಾದರೂ ಕ್ಷೇಮವಾಗಿದ್ದರೇ? 1872ರ ಫೆಬ್ರವರಿ 8ರಂದು ವೈಸರಾಯ್ ಲಾರ್ಡ್ ಮೇಯೊ ವಸಾಹತಿನ ಪರಿಶೀಲನೆಗೆ ಬಂದಿದ್ದರು. ಸಂಜೆ ಮೌಂಟ್ ಹ್ಯಾರಿಯೆಟ್ ಬೆಟ್ಟ ಇಳಿದು, ಹೋಪ್‌ಟೌನ್ ಧಕ್ಕೆಯಲ್ಲಿ ದೋಣಿ ಹತ್ತಲು ಹೊರಟರು. ಸುತ್ತ ಕಾವಲಿನವರು, ಕೈಯಲ್ಲಿ ಪಂಜು. ಕತ್ತಲಿನಿಂದ ನುಗ್ಗಿದ ಶೇರ್ ಅಲಿ ಚೂರಿಯಿಂದ ಇರಿದ. ಅವನು ಕೊಲೆ ಪ್ರಕರಣದಲ್ಲಿ ಶಿಕ್ಷೆಯಾಗಿ ಪೇಶಾವರದಿಂದ ಬಂದ ಕೈದಿ. ನಡತೆ ಒಳ್ಳೆಯದೆಂದು ಕ್ಷೌರದ ಕೆಲಸಕ್ಕೆ ಬಿಟ್ಟಿದ್ದರು. ಮಾರ್ಚ್ 11ರಂದು ವೈಪರ್ ದ್ವೀಪದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಆ ವಸಾಹತಿನಲ್ಲಿ ಇನ್ನೊಂದು ದಾರಿಯೂ ಇತ್ತು. ವರ್ಷಗಳ ಶಿಕ್ಷೆ ಕಳೆದ ಕೆಲವರಿಗೆ ಉಳಲು ಭೂಮಿ, ಮದುವೆಯಾಗಲು ಅನುಮತಿ ಸಿಕ್ಕಿತು. ಅಂಥವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಅಲ್ಲಿ ಬಾಳುತ್ತಿದ್ದಾರೆ. ಗಲ್ಲುಗಂಬದ ಕಥೆಗಳನ್ನು ನಾವು ಬಹಳ ಕೇಳಿದ್ದೇವೆ. ಹೊಲ, ಮನೆ ಸಿಕ್ಕವನು ಯಾಕೆ ಓಡಲಿಲ್ಲ ಎಂಬುದನ್ನೂ ಕೇಳಬೇಕಿದೆ.