ಮಹಾವೀರಾಚಾರ್ಯನ ಸಂಖ್ಯಾಹಾರ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ಅರಸನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಗ್ರಂಥಾರಂಭದಲ್ಲಿಯೇ ಅವನು ನೃಪತುಂಗನನ್ನು ಸ್ತುತಿಸಿದ್ದಾನೆ.

ಗುಣಾಕಾರವನ್ನು ಕಲಿಸುವಾಗ ಈ ಆಚಾರ್ಯನು ಹಾರದಂತೆ ಜೋಡಣೆಗೊಳ್ಳುವ ಸಂಖ್ಯೆಗಳನ್ನು ಆರಿಸಿಕೊಳ್ಳುತ್ತಾನೆ. 27994681ನ್ನು 441ರಿಂದ ಗುಣಿಸಿದರೆ ದೊರೆಯುವುದು 12345654321. ಅಂದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂದರಿಂದ ಆರರವರೆಗೆ ಏರಿ, ಬಳಿಕ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ಅವನು ಅದನ್ನು ಬಣ್ಣಿಸುತ್ತಾನೆ.

ಇದರ ಗುಟ್ಟು ಸರಳವಾದುದು. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111 ಬರುತ್ತದೆ. ಆದುದರಿಂದ ನಮ್ಮ ಸಂಖ್ಯೆಯು 111111ರ ವರ್ಗವೇ ಆಗಿದೆ. ಆರು ಒಂದುಗಳ ಆರು ಸಾಲುಗಳನ್ನು ಒಂದೊಂದು ಸ್ಥಾನ ಸರಿಸಿ ಬರೆದು ಕೂಡಿದರೆ, ಕಂಬಸಾಲುಗಳ ಮೊತ್ತ ಒಂದರಿಂದ ಆರಕ್ಕೇರಿ ಮತ್ತೆ ಒಂದಕ್ಕಿಳಿಯುತ್ತದೆ. ಕೂಡಿದ ಒಂದುಗಳು ಒಟ್ಟು 36. ಉತ್ತರದ ಅಂಕಿಗಳ ಮೊತ್ತವೂ 36.

ಈ ಗ್ರಂಥವು ಪಂಡಿತರ ಭಾಷೆಯಲ್ಲಿಯೇ ಉಳಿಯಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ಆಂಧ್ರದ ಈ ಗಡಿನಾಡಿನ ಮಕ್ಕಳಿಗೆ ಈ ಇಬ್ಬರೂ ಪೂರ್ವಸೂರಿಗಳೇ.

ಪ್ರತಿವರ್ಷ ದಾಖಲಾತಿಯ ಸಮಯದಲ್ಲಿ ಪೋಷಕರು ನನ್ನನ್ನು ಕೇಳುವುದುಂಟು: “ಕನ್ನಡದಲ್ಲಿ ಗಣಿತ ಕಲಿತರೆ ಮುಂದೇನು, ಮೇಡಂ?” ಪ್ರಶ್ನೆ ನ್ಯಾಯವಾದುದೇ. ಕಾಲೇಜಿಗೆ ಹೋದಾಗ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿ ಹೊಸದಾಗಿ ಕಲಿಯಬೇಕಾಗುತ್ತದೆ. ಆ ಶ್ರಮವನ್ನು ನಾನು ಅಲ್ಲಗಳೆಯಲಾರೆ. ಆದರೆ ‘ಏಕೆ ಹೀಗೆ?’ ಎಂದು ಕೇಳುವ ಅಭ್ಯಾಸವನ್ನು ಯಾವ ಮಗುವೂ ಎರಡನೆಯ ಬಾರಿ ಕಲಿಯಬೇಕಾಗಿಲ್ಲ. ಅದು ಮಗುವಿಗೆ ಮೊದಲು ಒದಗುವುದು ತಾನಾಡುವ ಮಾತಿನಲ್ಲಿ.

ಒಮ್ಮೆ ಏಳನೆಯ ತರಗತಿಯ ಕರಿಹಲಗೆಯ ಮೇಲೆ ಈ ಆರು ಸಾಲುಗಳನ್ನು ಬರೆದಿದ್ದೆ. ಹಿಂದಿನ ಬೆಂಚಿನಿಂದ, ಅಪರೂಪಕ್ಕೆ ಮಾತನಾಡುವ ಹುಡುಗಿಯೊಬ್ಬಳು ಎದ್ದುನಿಂತು, “ಹತ್ತು ಒಂದು ಬರೆದ್ರೆ ನಡುವೆ ದಶಕ ಬರುತ್ತಲ್ವಾ ಮೇಡಂ? ಆಗ ಹಾರ ಕೆಡಲ್ವಾ?” ಎಂದಳು. ತರಗತಿಯೆಲ್ಲ ಸೇರಿ ಲೆಕ್ಕ ಮಾಡಿದೆವು. ಒಂಬತ್ತು ಒಂದುಗಳವರೆಗೆ ಹಾರ ಸರಿಯಾಗಿ ಬಂದಿತು. ಹತ್ತಕ್ಕೆ ಬಂದ ಉತ್ತರ 1234567900987654321. ಹಿಂದುಮುಂದಾಗಿ ಓದಿದರೆ ಅದು ಒಂದೇ ಅಲ್ಲ. ಅವಳು ಹೇಳಿದ್ದೇ ನಿಜವಾಗಿತ್ತು.